ತಂತ್ರಾಂಶದ ಆಯ್ಕೆ: ಬ್ಯಾಂಕುಗಳ ಇತಿಹಾಸ ಹೇಳುವ ಪಾಠ

ಸಿಂಧನೂರು ತಾಲ್ಲೂಕಿನ ಜವಳಗೇರಾ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ. ಅಲ್ಲಿನ ಗೊಬ್ಬರದ ವರ್ತಕರೊಬ್ಬರು ಲೆಕ್ಕಪತ್ರಕ್ಕಾಗಿ ಗಣಕ ಕೊಳ್ಳುತ್ತಾರೆ ಎಂದುಕೊಳ್ಳಿ. ಬೆಲೆ ಕಡಿಮೆ, ಪರದೆ ಅಂದವಾಗಿದೆ ಎಂದು ತಂತ್ರಾಂಶ ಆರಿಸಿದರೆ ಸಾಕೇ? ಉತ್ತರಕ್ಕಾಗಿ ನಮ್ಮ ನಾಡಿನ ಬ್ಯಾಂಕುಗಳ ಇತಿಹಾಸವನ್ನು ನೋಡೋಣ.

ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಗಳು 1984 ಮತ್ತು 1989ರಲ್ಲಿ ನೀಡಿದ ವರದಿಗಳು ಬ್ಯಾಂಕುಗಳ ಗಣಕೀಕರಣಕ್ಕೆ ದಾರಿ ಮಾಡಿದವು. ಆರಂಭದಲ್ಲಿ ಶಾಖೆಗೊಂದು ಗಣಕ, ಶಾಖೆಗೊಂದು ಲೆಕ್ಕ. ಮುಂದೆ ಎಲ್ಲ ಶಾಖೆಗಳ ಖಾತೆಗಳನ್ನು ಒಂದೇ ಕೇಂದ್ರದಲ್ಲಿಡುವ 'ಕೋರ್ ಬ್ಯಾಂಕಿಂಗ್' ಬಂದಿತು. ಆಗ ತಂತ್ರಾಂಶದ ಆಯ್ಕೆಯು ಒಂದು ಶಾಖೆಯ ವಿಷಯವಾಗಿ ಉಳಿಯದೆ ಇಡೀ ಬ್ಯಾಂಕಿನ ಭವಿಷ್ಯದ ಪ್ರಶ್ನೆಯಾಯಿತು.

ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ 'ಫಿನಾಕಲ್' ರೂಪಿಸಿತು. ಐ-ಫ್ಲೆಕ್ಸ್ ಸಂಸ್ಥೆ 'ಫ್ಲೆಕ್ಸ್‌ಕ್ಯೂಬ್' ರೂಪಿಸಿತು. ಕರಾವಳಿಯಲ್ಲಿ ಹುಟ್ಟಿದ ನಮ್ಮ ಬ್ಯಾಂಕುಗಳ ಪೈಕಿ ವಿಜಯ ಮತ್ತು ಕಾರ್ಪೊರೇಷನ್ ಮೊದಲನೆಯದರತ್ತ, ಕೆನರಾ ಮತ್ತು ಸಿಂಡಿಕೇಟ್ ಎರಡನೆಯದರತ್ತ ಹೋದವು.

ಈ ಆಯ್ಕೆಯ ಫಲ ವರ್ಷಗಳ ನಂತರ ಕಂಡಿತು. 2019ರ ಆಗಸ್ಟ್ 30ರಂದು ಕೇಂದ್ರ ಸರ್ಕಾರ ಹಲವು ಬ್ಯಾಂಕುಗಳ ವಿಲೀನ ಪ್ರಕಟಿಸಿದಾಗ, ಯಾವುದನ್ನು ಯಾವುದರೊಡನೆ ಸೇರಿಸಬೇಕು ಎಂಬುದಕ್ಕೆ ನೀಡಿದ ಕಾರಣಗಳಲ್ಲಿ ಒಂದೇ ತಂತ್ರಾಂಶ ಬಳಸುತ್ತಿರುವುದೂ ಸೇರಿತ್ತು. ಅದರಂತೆ 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು.

ಹಾಗೆಂದು ತಂತ್ರಾಂಶದ ಹೆಸರು ಒಂದೇ ಆದರೆ ಕೆಲಸ ಸುಲಭವೆಂದು ತಿಳಿಯಬೇಡಿ. ವಿಜಯ ಬ್ಯಾಂಕು 2019ರ ಏಪ್ರಿಲ್ 1ರಂದೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದರೂ, ಅದರ ಶಾಖೆಗಳ ಲೆಕ್ಕ ಪೂರ್ಣವಾಗಿ ವರ್ಗಾವಣೆಯಾದದ್ದು 2020ರಲ್ಲಿ. ಪ್ರತಿ ಬ್ಯಾಂಕೂ ತಂತ್ರಾಂಶವನ್ನು ತನ್ನ ಬಡ್ಡಿಯ ನಿಯಮ, ಶಾಖೆಯ ಸಂಕೇತ, ಖಾತೆ ಸಂಖ್ಯೆಗಳಿಗೆ ತಕ್ಕಂತೆ ಹೊಂದಿಸಿಕೊಂಡಿರುತ್ತದೆಯಲ್ಲವೇ? ಇನ್ನೊಂದು ಸಂಗತಿ: ತಯಾರಕರೂ ಬದಲಾಗುತ್ತಾರೆ. 2005ರಿಂದ ಐ-ಫ್ಲೆಕ್ಸ್‌ನ ಷೇರುಗಳನ್ನು ಕೊಳ್ಳತೊಡಗಿದ ಒರಾಕಲ್, 2008ರಲ್ಲಿ ಅದರ ಹೆಸರನ್ನೇ ಬದಲಿಸಿತು.

ಇದೇ ಪ್ರಶ್ನೆ ಈಗ ಹಳ್ಳಿಗೂ ಬಂದಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಕೆಲವು ಬೇರೆ ಬೇರೆ ತಂತ್ರಾಂಶ ಬಳಸುತ್ತಿದ್ದುದರಿಂದ ಲೆಕ್ಕಗಳಲ್ಲಿ ಏಕರೂಪತೆ ಇರಲಿಲ್ಲ. 63,000 ಸಂಘಗಳಿಗೆ ಸಮಾನ ತಂತ್ರಾಂಶ ಒದಗಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಇಲ್ಲಿ ಲೆಕ್ಕ ತಪ್ಪಿದರೆ ರೈತನ ಬೆಳೆಸಾಲದ ಬಾಕಿಯೇ ತಪ್ಪಾಗುತ್ತದೆ.

ಹಾಗಾದರೆ ನಮ್ಮ ವರ್ತಕರು ಏನು ಮಾಡಬೇಕು? ಮೊದಲು ತಮ್ಮ ಅಗತ್ಯಗಳನ್ನು ಬರೆದು ಅಂಕ ಹಂಚಬೇಕು: ಕೆಲಸಕ್ಕೆ ಹೊಂದಿಕೆ 40, ದುರಸ್ತಿ ಸೇವೆ 30, ದತ್ತಾಂಶವನ್ನು ಹೊರತೆಗೆಯುವ ಸೌಲಭ್ಯ 20, ಬೆಲೆ 10 ಎಂದಿಟ್ಟುಕೊಳ್ಳಿ. ಮಾರುವವರ ಮಾದರಿ ಲೆಕ್ಕದ ಬದಲು ತಮ್ಮ ಅಂಗಡಿಯ ಒಂದು ತಿಂಗಳ ಲೆಕ್ಕವನ್ನೇ ಹಾಕಿ, ಉದ್ರಿ ಖಾತೆಗಳ ಬಾಕಿ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಅಂಕ ಕೂಡಿಸಬೇಕು. ಅಗ್ಗದ ತಂತ್ರಾಂಶ ಬೆಲೆಯ 10 ಅಂಕವನ್ನು ಪೂರ್ತಿ ಗಳಿಸಿದರೂ ಉಳಿದ 90ರಲ್ಲಿ ಸೋಲಬಹುದು.

ಈ ವಿಧಾನವನ್ನು ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ತಂತ್ರಾಂಶ ಆರಿಸುವಾಗಲೂ ಬಳಸಿ ನೋಡಿ. ಅಂಕಗಳನ್ನು ಮಾತ್ರ ತಂತ್ರಾಂಶ ನೋಡುವ ಮೊದಲೇ ಹಂಚಿರಿ. ನೋಡಿದ ಮೇಲೆ ಹಂಚಿದರೆ ಮನಸ್ಸು ಮೆಚ್ಚಿದ್ದಕ್ಕೇ ಅಂಕ ಬೀಳುತ್ತದೆ.