ಪಂದ್ಯ ನಿಲ್ಲಿಸುವ ಅಧಿಕಾರ ಯಾರದು? – ಹವ್ಯಾಸಿ ಎಂ.ಎಂ.ಎ. ನಿಯಮಗಳ ಚರಿತ್ರೆ

ದೇಹಬಲ, ಧೈರ್ಯ ಮತ್ತು ಶಿಸ್ತು ಯುವಜನತೆಗೆ ಅತ್ಯಗತ್ಯವಾದ ಗುಣಗಳು. ಇವುಗಳನ್ನು ಬೆಳೆಸುವ ಕ್ರೀಡೆಗಳಾದ ಕುಸ್ತಿ, ಬಾಕ್ಸಿಂಗ್, ಕರಾಟೆ, ಜೂಡೊ ನಮಗೆಲ್ಲ ಪರಿಚಿತ. ಈ ಎಲ್ಲ ವಿದ್ಯೆಗಳ ಹೊಡೆತ, ಒದೆತ ಹಾಗೂ ಪಟ್ಟುಗಳನ್ನು ಒಂದೇ ಕಣದಲ್ಲಿ ಪ್ರಯೋಗಿಸಲು ಅವಕಾಶವಿರುವ ಕ್ರೀಡೆಯೇ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಚಿಕ್ಕದಾಗಿ ಎಂ.ಎಂ.ಎ. ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್ 29 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 2020ರಲ್ಲಿ ನಿವೃತ್ತರಾದರು. ಅವರಂಥವರಿಂದಾಗಿ ಈ ಕ್ರೀಡೆಯ ಹೆಸರು ನಮ್ಮ ಕಾಲೇಜು ವಿದ್ಯಾರ್ಥಿಗಳ ಬಾಯಲ್ಲೂ ಕೇಳಿಬರುತ್ತಿದೆ. ಕಲಿಯುವ ಆಸೆ ಹೊತ್ತು ತರಬೇತಿ ಕೇಂದ್ರಗಳ ಬಾಗಿಲು ತಟ್ಟುವವರೂ ಇದ್ದಾರೆ.

ಟಿ.ವಿ. ಪರದೆಯಲ್ಲಿ ನಾವು ನೋಡುವುದು ವೃತ್ತಿಪರರ ಪಂದ್ಯ. ನಮ್ಮ ಹುಡುಗರು ಮೊದಲು ಇಳಿಯುವುದು ಹವ್ಯಾಸಿ ಪಂದ್ಯಕ್ಕೆ. ಅಲ್ಲಿ ಹಣದ ಬಹುಮಾನವಿಲ್ಲ, ಹೆಸರಿಲ್ಲ, ಅನುಭವವೂ ಕಡಿಮೆ. ಹಾಗೆಂದು ತಲೆಗೆ ಬೀಳುವ ಪೆಟ್ಟು ಹವ್ಯಾಸಿಯೆಂದು ರಿಯಾಯಿತಿ ತೋರಿಸುವುದಿಲ್ಲ. ಆದ್ದರಿಂದ ಈ ಕ್ರೀಡೆಯ ನಿಯಮಗಳು ಹೇಗೆ ಹುಟ್ಟಿದವು, ಯಾವುದಕ್ಕಾಗಿ ಹುಟ್ಟಿದವು ಎಂಬುದನ್ನು ತಿಳಿಯುವುದು ಉಚಿತ. ಈ ಚರಿತ್ರೆಯನ್ನು ಓದುತ್ತಾ ಹೋದಂತೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಅಪಾಯ ಕಂಡಾಗ ಪಂದ್ಯವನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ?

ಪ್ರಾಚೀನ ಗ್ರೀಸಿನ ಪಾಠ

ಕೈಕಾಲುಗಳ ಹೊಡೆತ ಮತ್ತು ಕುಸ್ತಿಯ ಪಟ್ಟುಗಳನ್ನು ಬೆರೆಸಿದ ಸ್ಪರ್ಧೆ ಹೊಸದೇನಲ್ಲ. ಕ್ರಿ.ಪೂ. 648ರಲ್ಲಿ ಗ್ರೀಕರು 'ಪಾಂಕ್ರೇಷನ್' ಎಂಬ ಸ್ಪರ್ಧೆಯನ್ನು ಒಲಿಂಪಿಕ್ಸ್‌ಗೆ ಸೇರಿಸಿದರು. ಅದರಲ್ಲಿ ಕಚ್ಚುವುದು ಮತ್ತು ಕಣ್ಣಿಗೆ ಬೆರಳು ಹಾಕುವುದು ನಿಷಿದ್ಧವಾಗಿತ್ತು. ಉಳಿದುದಕ್ಕೆಲ್ಲ ಬಹುಮಟ್ಟಿಗೆ ಅನುಮತಿ ಇತ್ತು. ತೂಕದ ವರ್ಗವಾಗಲಿ ಸುತ್ತುಗಳಾಗಲಿ ಇರಲಿಲ್ಲ. ಸೋತವನು ಬೆರಳೆತ್ತಿ ಸೋಲನ್ನು ಒಪ್ಪಬೇಕಿತ್ತು.

ಕ್ರಿ.ಪೂ. 564ರಲ್ಲಿ ಫಿಗಾಲಿಯ ಎಂಬ ಊರಿನ ಅರಿಕಿಯಾನ್ ಎಂಬ ಮಲ್ಲನ ಕತ್ತು ಎದುರಾಳಿಯ ಹಿಡಿತಕ್ಕೆ ಸಿಕ್ಕಿತು. ಆ ಸ್ಥಿತಿಯಲ್ಲೇ ಅವನು ಎದುರಾಳಿಯ ಕಾಲನ್ನು ತಿರುಚಿದ. ನೋವು ತಾಳದೆ ಎದುರಾಳಿ ಸೋಲೊಪ್ಪಿದ. ಆದರೆ ಅಷ್ಟರಲ್ಲಿ ಅರಿಕಿಯಾನ್ ಉಸಿರುಗಟ್ಟಿ ಸತ್ತಿದ್ದ. ವಿಜಯದ ಕಿರೀಟವನ್ನು ಶವಕ್ಕೆ ತೊಡಿಸಿದರು. ಸೋಲೊಪ್ಪಬೇಡವೆಂದು ಅವನ ತರಬೇತುದಾರನೇ ಹುರಿದುಂಬಿಸಿದ್ದನೆಂದು ಫಿಲೋಸ್ಟ್ರಾಟಸ್ ಎಂಬ ಗ್ರೀಕ್ ಲೇಖಕ ಬರೆದಿದ್ದಾನೆ. ಗ್ರೀಕರು ಇದನ್ನು ವೀರಗಾಥೆಯಾಗಿ ಕೊಂಡಾಡಿದರು. ಇಂದಿನ ಕಣ್ಣಿನಿಂದ ನೋಡಿದರೆ, ಶಿಷ್ಯನನ್ನು ಬಿಡಿಸಬೇಕಾಗಿದ್ದವನೇ ಅವನನ್ನು ಸಾವಿನ ಕಡೆಗೆ ತಳ್ಳಿದ ಪ್ರಸಂಗವಿದು.

ಬಾಕ್ಸಿಂಗ್ ನಿಯಮಗಳು

ಆಧುನಿಕ ನಿಯಮಗಳ ಬೇರು ಇಂಗ್ಲೆಂಡಿನಲ್ಲಿದೆ. ಹದಿನೆಂಟನೆಯ ಶತಮಾನದ ಪ್ರಸಿದ್ಧ ಮುಷ್ಟಿಮಲ್ಲ ಜ್ಯಾಕ್ ಬ್ರೌಟನ್‌ನೊಡನೆ ಸೆಣಸಿದ ಜಾರ್ಜ್ ಸ್ಟೀವನ್‌ಸನ್ ಗಾಯಗಳಿಂದ ಕೆಲವು ವಾರಗಳಲ್ಲಿ ತೀರಿಕೊಂಡನೆಂದೂ, ಆ ದುಃಖವೇ ಬ್ರೌಟನ್‌ನನ್ನು ನಿಯಮ ಬರೆಯಲು ಪ್ರೇರೇಪಿಸಿತೆಂದೂ ಬಾಕ್ಸಿಂಗ್ ಚರಿತ್ರೆ ಹೇಳುತ್ತದೆ. 1743ರ ಬ್ರೌಟನ್ ನಿಯಮಗಳ ಪ್ರಕಾರ ಕೆಳಗೆ ಬಿದ್ದವನನ್ನು ಹೊಡೆಯುವಂತಿರಲಿಲ್ಲ. ಬಿದ್ದವನು ಅರ್ಧ ನಿಮಿಷದೊಳಗೆ ಎದ್ದು ಬರದಿದ್ದರೆ ಸೋತಂತೆ. ಅಭ್ಯಾಸದ ವೇಳೆ ಕೈಗೆ ಮೆತ್ತನೆಯ ಗವಸು ತೊಡಿಸುವ ಪದ್ಧತಿಯನ್ನೂ ಅವನೇ ತಂದ.

1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಪಂದ್ಯದಲ್ಲೇ ಕೈಗವಸನ್ನು ಕಡ್ಡಾಯಗೊಳಿಸಿದವು. ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಬಿದ್ದವನಿಗೆ 10 ಸೆಕೆಂಡು – ಇವೆಲ್ಲ ಆಗ ಬಂದವು. 1880ರಲ್ಲಿ ಇಂಗ್ಲೆಂಡಿನಲ್ಲಿ ಹವ್ಯಾಸಿ ಬಾಕ್ಸಿಂಗ್ ಸಂಘ ಸ್ಥಾಪನೆಯಾಯಿತು. ಹಣಕ್ಕಾಗಿ ಆಡುವವರಿಗೂ ಕಲಿಯಲು ಆಡುವವರಿಗೂ ಬೇರೆ ಬೇರೆ ವ್ಯವಸ್ಥೆ ಬೇಕೆಂಬ ತಿಳಿವಳಿಕೆ ಅಂದಿನಿಂದ ಗಟ್ಟಿಯಾಯಿತು.

ನಮ್ಮ ನಾಡಿನಲ್ಲೂ ಕಾಳಗ ಎಲ್ಲಿಗೆ ನಿಲ್ಲಬೇಕೆಂಬ ಗೆರೆ ಇತ್ತು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ಕೈಗೆ ಮೊನಚಾದ ಆಯುಧ ತೊಟ್ಟು ಸೆಣಸುತ್ತಾರೆ. ನೋಡುವವರಿಗೆ ಎದೆ ನಡುಗುತ್ತದೆ. ಆದರೆ ಒಬ್ಬನ ತಲೆಯಿಂದ ರಕ್ತ ಒಸರಿದೊಡನೆ ಕಾಳಗ ಮುಗಿಯಿತು. ಅದಕ್ಕಿಂತ ಮುಂದೆ ಹೋಗುವಂತಿಲ್ಲ.

ಡೆನ್ವರ್‌ನಿಂದ ನ್ಯೂಜೆರ್ಸಿಯವರೆಗೆ

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಯು.ಎಫ್.ಸಿ.ಯ ಮೊದಲ ಪಂದ್ಯಾವಳಿ ನಡೆಯಿತು. ಒಂದೇ ರಾತ್ರಿಯಲ್ಲಿ ಎಂಟು ಮಂದಿಯ ಸ್ಪರ್ಧೆ. ತೂಕದ ವರ್ಗ ಇರಲಿಲ್ಲ, ಅಂಕ ನೀಡುವವರೂ ಇರಲಿಲ್ಲ. ಕಚ್ಚುವುದು, ಕಣ್ಣಿಗೆ ಬೆರಳು ಹಾಕುವುದು ಮಾತ್ರ ತಪ್ಪು. ಎರಡೂವರೆ ಸಾವಿರ ವರ್ಷಗಳ ಬಳಿಕ ಪಾಂಕ್ರೇಷನ್ನೇ ಮರಳಿ ಬಂದಂತಾಯಿತು. ರೆಫರಿ ಕಣದಲ್ಲಿದ್ದರೂ ತನ್ನ ವಿವೇಚನೆಯಿಂದ ಪಂದ್ಯವನ್ನು ಮುಗಿಸುವ ಅಧಿಕಾರ ನಿಯಮದಲ್ಲಿ ಅವನಿಗಿರಲಿಲ್ಲ. ಸ್ಪರ್ಧಿ ನೆಲ ತಟ್ಟಿ ಸೋಲೊಪ್ಪಬೇಕು, ಅವನ ಕಡೆಯವರು ಟವೆಲ್ ಎಸೆಯಬೇಕು ಅಥವಾ ಒಬ್ಬ ಪ್ರಜ್ಞೆ ತಪ್ಪಬೇಕು.

1994ರ ಮಾರ್ಚ್‌ನಲ್ಲಿ ನಡೆದ ಎರಡನೆಯ ಪಂದ್ಯಾವಳಿಗೆ ಜಾನ್ ಮೆಕಾರ್ಥಿ ರೆಫರಿಯಾಗಿದ್ದರು. ಕಣ್ಣೆದುರೇ ಒಬ್ಬ ಅಸಹಾಯಕನಾಗಿ ಪೆಟ್ಟು ತಿನ್ನುತ್ತಿದ್ದರೂ ಅವನ ಕಡೆಯವರು ಟವೆಲ್ ಎಸೆಯದೆ ನಿಂತಿದ್ದುದನ್ನು ಅವರು ಕಂಡರು. ಪಂದ್ಯ ನಿಲ್ಲಿಸುವ ಅಧಿಕಾರ ಕೊಡದಿದ್ದರೆ ತಾನು ಮತ್ತೆ ಬರುವುದಿಲ್ಲವೆಂದರು. ಅದೇ ವರ್ಷ ಸೆಪ್ಟೆಂಬರ್‌ನ ಮೂರನೆಯ ಪಂದ್ಯಾವಳಿಯಿಂದ ರೆಫರಿಗೆ ಆ ಅಧಿಕಾರ ದೊರೆಯಿತು. ಈ ಕ್ರೀಡೆಯ ಸುರಕ್ಷತೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಆದರೂ ಜನರ ಆಕ್ಷೇಪ ತಣ್ಣಗಾಗಲಿಲ್ಲ. ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕವೆಂದು ಜರೆದು, ಇದನ್ನು ನಿಷೇಧಿಸಬೇಕೆಂದು ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆದರು. ಹಲವು ರಾಜ್ಯಗಳು ನಿಷೇಧ ಹೇರಿದವು. 1997ರಲ್ಲಿ ನಿಷೇಧಿಸಿದ ನ್ಯೂಯಾರ್ಕ್ ರಾಜ್ಯ ಅದನ್ನು ತೆರವುಗೊಳಿಸಿದ್ದು 2016ರಲ್ಲಿ. ಈ ವಿರೋಧವೇ ಕ್ರೀಡೆಯನ್ನು ತಿದ್ದಿತು. 1997ರಲ್ಲಿ ತೂಕದ ವರ್ಗಗಳು ಬಂದವು, ಕೈಗವಸು ಕಡ್ಡಾಯವಾಯಿತು, ತಲೆಯಿಂದ ಗುದ್ದುವುದು, ತೊಡೆಸಂದಿಗೆ ಹೊಡೆಯುವುದು, ಬಿದ್ದವನನ್ನು ಒದೆಯುವುದು, ತಲೆಯ ಹಿಂಭಾಗಕ್ಕೆ ಹೊಡೆಯುವುದು ನಿಷಿದ್ಧವಾದವು. 2001ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಕ್ರೀಡಾ ನಿಯಂತ್ರಣ ಮಂಡಳಿ ಸಂಘಟಕರನ್ನೂ ವೈದ್ಯರನ್ನೂ ಒಂದೆಡೆ ಕೂರಿಸಿ 'ಏಕೀಕೃತ ನಿಯಮ'ಗಳನ್ನು ರೂಪಿಸಿತು. 2009ರಲ್ಲಿ ಅಮೆರಿಕದ ಬಾಕ್ಸಿಂಗ್ ಕಮಿಷನ್‌ಗಳ ಒಕ್ಕೂಟ ಅವುಗಳನ್ನು ಅಂಗೀಕರಿಸಿತು.

ಹವ್ಯಾಸಿಗಳಿಗೆ ಬೇರೆ ನಿಯಮ ಏಕೆ?

ಏಕೀಕೃತ ನಿಯಮಗಳು ವೃತ್ತಿಪರರಿಗಾಗಿ ಬರೆದವು. ಅವುಗಳಲ್ಲಿ ಐದು ನಿಮಿಷಗಳ ಸುತ್ತುಗಳಿವೆ, ಮೊಣಕೈ ಹೊಡೆತಕ್ಕೂ ಅವಕಾಶವಿದೆ. ಹೊಸಬರಿಗೆ ಇದು ಹೊಂದುವುದಿಲ್ಲ. 2012ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಹವ್ಯಾಸಿ ಎಂ.ಎಂ.ಎ. ಒಕ್ಕೂಟವು 2014ರಲ್ಲಿ ಲಾಸ್ ವೇಗಸ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಸಿತು. ಅದರ ನಿಯಮದಂತೆ ಮೂರು ನಿಮಿಷಗಳ ಮೂರು ಸುತ್ತು ಮಾತ್ರ. ವೃತ್ತಿಪರರ ಕೈಗವಸು ಸಾಮಾನ್ಯವಾಗಿ 4 ಔನ್ಸ್ ಇದ್ದರೆ ಹವ್ಯಾಸಿಗಳದ್ದು ಅದಕ್ಕಿಂತ ದಪ್ಪ. ಮೊಣಕಾಲಿನ ಕೆಳಗೆ ರಕ್ಷಾಪಟ್ಟಿ ಕಡ್ಡಾಯ.

ಪ್ರತಿಯೊಂದು ನಿಷೇಧಕ್ಕೂ ಕಾರಣವಿದೆ. ಮೊಣಕೈಯ ಚೂಪು ಮೂಳೆ ಹುಬ್ಬಿನ ಚರ್ಮವನ್ನು ಸೀಳುತ್ತದೆ. ಮೊಣಕಾಲಿನಿಂದ ತಲೆಗೆ ಬೀಳುವ ಪೆಟ್ಟು ಮೆದುಳನ್ನು ಅಲುಗಿಸುತ್ತದೆ. ಹಿಮ್ಮಡಿ ಹಿಡಿದು ಕಾಲನ್ನು ತಿರುಚುವ ಪಟ್ಟಿನಲ್ಲಿ ನೋವು ತಿಳಿಯುವ ಮೊದಲೇ ಮಂಡಿಯ ಅಸ್ಥಿರಜ್ಜು ಹರಿದುಹೋಗಬಹುದು. ಅನುಭವಿ ಮೊದಲೇ ಅಪಾಯ ಅರಿತು ನೆಲ ತಟ್ಟುತ್ತಾನೆ, ಹೊಸಬ ತಟ್ಟುವಷ್ಟರಲ್ಲಿ ಕಾಲು ಕೆಟ್ಟಿರುತ್ತದೆ. ಆದ್ದರಿಂದ ಈ ಮೂರೂ ಹವ್ಯಾಸಿ ಪಂದ್ಯದಲ್ಲಿ ನಿಷಿದ್ಧ. ಕಿರಿಯ ವಯೋವರ್ಗದ ಮಕ್ಕಳಿಗಂತೂ ತಲೆಗೆ ಹೊಡೆಯುವುದಕ್ಕೇ ಅನುಮತಿಯಿಲ್ಲ.

ಉಪಕರಣಗಳ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ಕೈಗವಸು ಮುಖ್ಯವಾಗಿ ಹೊಡೆಯುವವನ ಬೆರಳ ಮೂಳೆಗಳನ್ನು ಕಾಪಾಡುತ್ತದೆ, ಚರ್ಮದ ಗಾಯವನ್ನೂ ತಗ್ಗಿಸುತ್ತದೆ. ಶಿರಸ್ತ್ರಾಣವೂ ಹಾಗೆಯೇ. ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ಇವು ತಡೆಯಲಾರವು. ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ 1984ರಿಂದ ಕಡ್ಡಾಯವಾಗಿದ್ದ ಶಿರಸ್ತ್ರಾಣವನ್ನು ಪುರುಷರ ವಿಭಾಗದಲ್ಲಿ 2013ರಲ್ಲಿ ಕೈಬಿಟ್ಟುದಕ್ಕೆ ಈ ವಾದವೂ ಒಂದು ಕಾರಣ. ಸಾಮಾನು ತೊಟ್ಟ ಮಾತ್ರಕ್ಕೆ ಸುರಕ್ಷಿತವೆಂದು ಯಾರೂ ತಿಳಿಯಬಾರದು.

ಪಂದ್ಯಕ್ಕೆ ಮೊದಲೇ ಕಾಡುವ ಅಪಾಯ

ತೂಕದ ವರ್ಗಗಳು ಬಂದಾಗ ಅವುಗಳ ಹಿಂದೆಯೇ ಮತ್ತೊಂದು ಅಪಾಯ ಬಂದಿತು. ಕೆಳಗಿನ ವರ್ಗಕ್ಕೆ ಸೇರಲು ಸ್ಪರ್ಧಿಗಳು ನೀರು ಬಿಟ್ಟು, ಬೆವರು ಹರಿಸಿ, ಕೆಲವೇ ದಿನಗಳಲ್ಲಿ ಹಲವು ಕಿಲೊ ಇಳಿಸುತ್ತಾರೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಐದು ವಾರಗಳೊಳಗೆ ಒಬ್ಬರ ಹಿಂದೊಬ್ಬರು ಸತ್ತರು. ಆ ಬಳಿಕ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಉಡುಪು ಮತ್ತು ಸೌನಾ ಎಂಬ ಬಿಸಿ ಕೋಣೆಯ ಬಳಕೆಯನ್ನು ನಿಷೇಧಿಸಿ, ಪಂದ್ಯಕ್ಕೆ ಸ್ವಲ್ಪ ಮೊದಲು ತೂಕ ನೋಡುವ ಕ್ರಮ ತಂದರು. 2015ರ ಡಿಸೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಚೀನಾದ 21 ವರ್ಷದ ಎಂ.ಎಂ.ಎ. ಸ್ಪರ್ಧಿಯೊಬ್ಬ ತೂಕ ಇಳಿಸುವಾಗ ಕುಸಿದು, ಕಣಕ್ಕೆ ಇಳಿಯುವ ಮೊದಲೇ ಪ್ರಾಣ ಬಿಟ್ಟ. ನೀರಿನಂಶ ಕಡಿಮೆಯಾದ ದೇಹಕ್ಕೆ ತಲೆಯ ಪೆಟ್ಟು ಇನ್ನಷ್ಟು ಅಪಾಯಕಾರಿಯೆಂದೂ ವೈದ್ಯರು ಎಚ್ಚರಿಸುತ್ತಾರೆ.

ನಿಯಮವಿಲ್ಲದ ಕಡೆ

2013ರ ಏಪ್ರಿಲ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹವ್ಯಾಸಿ ಎಂ.ಎಂ.ಎ. ಪಂದ್ಯವಾಡಿದ ಸ್ಪರ್ಧಿಯೊಬ್ಬ ಮೃತಪಟ್ಟ. ಆಗ ಆ ರಾಜ್ಯದಲ್ಲಿ ವೃತ್ತಿಪರ ಪಂದ್ಯಕ್ಕೆ ಸರಕಾರದ ನಿಯಂತ್ರಣವಿತ್ತು, ಹವ್ಯಾಸಿ ಪಂದ್ಯಕ್ಕೆ ಇರಲಿಲ್ಲ! ಹೆಚ್ಚು ಕಾವಲು ಬೇಕಾದವರಿಗೇ ಕಾವಲಿಲ್ಲದಂತಾಗಿತ್ತು. ಹವ್ಯಾಸಿ ಪಂದ್ಯಗಳನ್ನೂ ಕಾನೂನಿನ ವ್ಯಾಪ್ತಿಗೆ ತಂದದ್ದು 2015ರಲ್ಲಿ. 2016ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಪೋರ್ಚುಗಲ್‌ನ 28 ವರ್ಷದ ವೃತ್ತಿಪರ ಸ್ಪರ್ಧಿಯೊಬ್ಬ ಸೋತು ಕಣದಿಂದ ಹೊರಬಂದ. ಸ್ವಲ್ಪ ಹೊತ್ತಿನಲ್ಲಿ ಅಸ್ವಸ್ಥನಾಗಿ, ಮೆದುಳಿನ ಶಸ್ತ್ರಚಿಕಿತ್ಸೆಯ ಬಳಿಕವೂ ಉಳಿಯಲಿಲ್ಲ. ಎದ್ದು ನಡೆದವನೆಲ್ಲ ಸುರಕ್ಷಿತನಲ್ಲ ಎಂಬುದಕ್ಕೆ ಇದು ಸಾಕ್ಷಿ. ತಲೆಯೊಳಗಿನ ರಕ್ತಸ್ರಾವ ನಿಧಾನವಾಗಿ ತೋರಿಕೊಳ್ಳಬಹುದು. ಆದ್ದರಿಂದಲೇ ಪಂದ್ಯದ ನಂತರದ ತಪಾಸಣೆ, ಪ್ರಜ್ಞೆ ತಪ್ಪಿದವನಿಗೆ ವಾರಗಟ್ಟಲೆ ಕಡ್ಡಾಯ ವಿಶ್ರಾಂತಿ ಮುಂತಾದ ಕ್ರಮಗಳಿವೆ.

ಇದು ದೂರದ ದೇಶಗಳ ಕಥೆಯಷ್ಟೇ ಅಲ್ಲ. 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದ ಯುವಕನೊಬ್ಬ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ತಕ್ಕ ವೈದ್ಯಕೀಯ ಏರ್ಪಾಡು ಇರಲಿಲ್ಲವೆಂದು ಮನೆಯವರು ದೂರಿದರು, ಪೊಲೀಸರು ಪ್ರಕರಣ ದಾಖಲಿಸಿಕೊಂಡರು. ಅಮೆರಿಕದ ರಾಜ್ಯಗಳಲ್ಲಿರುವಂತೆ ಇಂಥ ಪಂದ್ಯಗಳಿಗೆ ಪರವಾನಗಿ ಕೊಡುವ ಕಮಿಷನ್ ನಮ್ಮಲ್ಲಿಲ್ಲ. ಹಾಗಾಗಿ ಕೇಳಿ ತಿಳಿಯುವ ಹೊಣೆ ಸ್ಪರ್ಧಿಯ ಮೇಲೂ ಪೋಷಕರ ಮೇಲೂ ಬೀಳುತ್ತದೆ.

ವಿದ್ಯಾರ್ಥಿಗಳಿಗೆ ಕಿವಿಮಾತು

ಪ್ರಿಯ ವಿದ್ಯಾರ್ಥಿ ಮಿತ್ರರೇ, ಈ ಕ್ರೀಡೆಯನ್ನು ಕಲಿಯಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಒಳ್ಳೆಯ ಗುರುವಿನ ಬಳಿ ಕಲಿತರೆ ಅದು ಮೈಯನ್ನೂ ಮನಸ್ಸನ್ನೂ ಹದಗೊಳಿಸುತ್ತದೆ. ಆದರೆ ಪಂದ್ಯಕ್ಕೆ ಹೆಸರು ಕೊಡುವ ಮೊದಲು ಕೆಲವನ್ನು ಕೇಳಿ ತಿಳಿದುಕೊಳ್ಳಿ. ಕಣದ ಪಕ್ಕದಲ್ಲಿ ಪಂದ್ಯ ಮುಗಿಯುವ ತನಕ ವೈದ್ಯರು ಇರುತ್ತಾರೆಯೇ? ಬಾಗಿಲಲ್ಲಿ ಆಂಬುಲೆನ್ಸ್ ಸಿದ್ಧವಿದೆಯೇ? ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ ಎಷ್ಟು ದೂರದಲ್ಲಿದೆ? ಎಚ್.ಐ.ವಿ., ಹೆಪಟೈಟಿಸ್ ರಕ್ತಪರೀಕ್ಷೆ ಎಲ್ಲರಿಗೂ ಆಗಿದೆಯೇ? ಎದುರಾಳಿಯ ತೂಕ ಮತ್ತು ಅನುಭವ ನಿಮಗೆ ಸಮವೇ? ರೆಫರಿ ತರಬೇತಿ ಪಡೆದವರೇ? ಇವುಗಳಲ್ಲಿ ಒಂದಕ್ಕೆ ಸರಿಯಾದ ಉತ್ತರ ಸಿಗದಿದ್ದರೂ ಆ ಪಂದ್ಯಕ್ಕೆ ಹೋಗದಿರುವುದೇ ಜಾಣತನ. ಹಾಗೆ ಹಿಂದೆ ಸರಿಯುವುದನ್ನು ಹೇಡಿತನವೆಂದು ಯಾರೂ ಹೇಳಲಾಗದು. ಅಭ್ಯಾಸದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮನೆಯವರಿಂದ ಮುಚ್ಚಿಡಬೇಡಿ. ತಲೆನೋವು, ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತರಬೇತುದಾರರಿಗೂ ಒಂದು ಮಾತು. ಟವೆಲ್ ಎಸೆಯುವುದು ಶಿಷ್ಯನಿಗೆ ಮಾಡುವ ಅವಮಾನವಲ್ಲ. ಸೋತ ಶಿಷ್ಯ ಮರುದಿನ ಮತ್ತೆ ಅಭ್ಯಾಸಕ್ಕೆ ಬರುತ್ತಾನೆ, ಪರೀಕ್ಷೆ ಬರೆಯುತ್ತಾನೆ, ತಂದೆತಾಯಿಗೆ ಆಸರೆಯಾಗುತ್ತಾನೆ. ಬ್ರೌಟನ್‌ನಿಂದ ಮೆಕಾರ್ಥಿಯವರೆಗೆ ನಿಯಮಕ್ಕಾಗಿ ದುಡಿದವರೆಲ್ಲರ ಗುರಿ ಇದೇ ಆಗಿತ್ತು. ನಮ್ಮ ಊರಿನಲ್ಲಿ, ನಮ್ಮ ಕಾಲೇಜಿನಲ್ಲಿ ಇಂಥ ಸ್ಪರ್ಧೆ ಏರ್ಪಡಿಸುವವರು ಮೊದಲು ವೈದ್ಯರನ್ನು ಗೊತ್ತುಮಾಡಿ, ಆಮೇಲೆ ಬಹುಮಾನದ ಮಾತೆತ್ತಲಿ.