ಬರ–ಗುಳೆ ಅಹವಾಲು (ಗೊಟಗೋಡಿ ಸೀಮೆ)

ಮಳೆ ಕೈಕೊಟ್ಟಾಗ ಅಥವಾ ಹೊಳೆ ಉಕ್ಕಿದಾಗ ಬೆಳೆಹಾನಿಯನ್ನೂ ಅದರ ಹಿಂದೆಯೇ ಬರುವ ಗುಳೆಯನ್ನೂ ಶಾಸಕರು, ಸಂಸದರು ಮತ್ತು ಸರ್ಕಾರದ ಮುಂದಿಡುವ ರೂಢಿ. ಹಾವೇರಿ ಜಿಲ್ಲೆಯ ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು ತಾಲ್ಲೂಕುಗಳಲ್ಲಿ ಇದು ಹೆಚ್ಚಾಗಿ ತಹಶೀಲ್ದಾರ್ ಕಚೇರಿ ಎದುರಿನ ಧರಣಿ ಮತ್ತು ಮನವಿ ಪತ್ರದ ರೂಪದಲ್ಲಿ ನಡೆಯುತ್ತದೆ. ಗೊಟಗೋಡಿ ಶಿಗ್ಗಾವಿ ತಾಲ್ಲೂಕಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಬದಿಗಿರುವ ಹಳ್ಳಿ. ಉತ್ಸವ ರಾಕ್ ಗಾರ್ಡನ್ ಮತ್ತು 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇಲ್ಲಿವೆ.

ಈ ಭಾಗದಲ್ಲಿ ಮೊದಲ ಅಹವಾಲು ಸಲ್ಲುತ್ತಿದ್ದುದು ಮಳೆರಾಯನಿಗೆ. ರೊಟ್ಟಿ ಹಂಚಿನ ಮೇಲೆ ಸಗಣಿಯ ‘ಗುರ್ಜಿ’ ಮೂರ್ತಿಯನ್ನಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುವುದು, ಮನೆಯವರು ಅದರ ಮೇಲೆ ನೀರು ಸುರಿದು ಕಾಳುಕಡಿ ನೀಡುವುದು ಉತ್ತರ ಕರ್ನಾಟಕದ ಹಳೆಯ ಆಚರಣೆ. ಗುರ್ಜಿ ಇನ್ನೂ ಪೂರ್ತಿ ನಿಂತಿಲ್ಲ; ಆದರೆ ಈಗ ಊರು ಹೆಚ್ಚು ಕಾಯುವುದು ಸರ್ಕಾರದ ಬರ ಘೋಷಣೆಯನ್ನು.

ಘೋಷಣೆಯ ದಾರಿ ಸರಳವಲ್ಲ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಂತೆ ಮೊದಲು ಮಳೆ ಕೊರತೆ ಅಥವಾ ಮೂರು–ನಾಲ್ಕು ವಾರಗಳ ಒಣಹವೆ ಕಾಣಬೇಕು. ನಂತರ ಬಿತ್ತನೆ, ಉಪಗ್ರಹ ತೋರುವ ಹಸಿರು, ಮಣ್ಣಿನ ತೇವ, ಜಲಮೂಲಗಳನ್ನು ಅಳೆದು, ಹೊಲಕ್ಕೆ ಹೋಗಿ ತಾಳೆ ನೋಡಬೇಕು. ಕೇಂದ್ರದ ನೆರವಿಗೆ ಬರ ‘ತೀವ್ರ’ ಎನಿಸಿಕೊಳ್ಳಲೇಬೇಕು. ಲೆಕ್ಕ ತಾಲ್ಲೂಕಿನದು, ಒಣಗುವುದು ಹೊಲ. ಹಾನಗಲ್ಲ ಮಲೆನಾಡಿನ ಸೆರಗಿಗೆ ತಾಗಿದೆ, ಭತ್ತ ಬೆಳೆಯುತ್ತದೆ. ಅದರ ಪಡುವಣದ ಮಳೆ ಮೂಡಣದ ಗೋವಿನಜೋಳದ ಹೊಲಕ್ಕೆ ಸಿಗುವುದಿಲ್ಲ. ಆದ್ದರಿಂದ ನಮ್ಮ ತಾಲ್ಲೂಕನ್ನು ಪಟ್ಟಿಗೆ ಸೇರಿಸಿ ಎಂಬುದೇ ಇಂಥ ಮನವಿಗಳ ಮುಖ್ಯ ಬೇಡಿಕೆ.

2023ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದಿತು. ಪಟ್ಟಿ ಬೆಳೆದು ಕೊನೆಗೆ 236ರಲ್ಲಿ 223ಕ್ಕೆ ಮುಟ್ಟಿತು. ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿ, ತಡವಾದಾಗ 2024ರ ಮಾರ್ಚ್‌ನಲ್ಲಿ ಸರ್ಕಾರವೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಂತು. ಮನವಿ ಸ್ವೀಕರಿಸುವವರೂ ಮೇಲಿನವರ ಮುಂದೆ ಮನವಿದಾರರೇ ಎಂಬುದು ಆ ವರ್ಷ ಬಯಲಾಯಿತು.

ಪರಿಹಾರ ಪಹಣಿಯ ಬೆನ್ನಿಗೆ ಹೋಗುತ್ತದೆ: 2023ರ ಬರದಲ್ಲಿ ಅದು ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ, ಹೆಚ್ಚೆಂದರೆ ಎರಡು ಹೆಕ್ಟೇರಿಗೆ ಇತ್ತು. ಲಾವಣಿಗೆ (ಗೇಣಿಗೆ) ಹೊಲ ಮಾಡಿದವರು ಮತ್ತು ತಾಂಡಾಗಳ ಭೂರಹಿತರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ತೋಟಗಳಿಗೋ ಗುಳೆ ಹೋಗುವವರಲ್ಲಿ ಇವರೇ ಹೆಚ್ಚು. ಅವರ ಪಾಲಿಗಿದ್ದ ಆಸರೆ ಉದ್ಯೋಗ ಖಾತರಿ. 2005ರ ಕಾಯ್ದೆಯಡಿ ವರ್ಷಕ್ಕೆ 100 ದಿನ ಕೆಲಸವಿತ್ತು. ಬರಪೀಡಿತ ತಾಲ್ಲೂಕಿಗೆ ಅದನ್ನು 150ಕ್ಕೆ ಏರಿಸಲು ಅವಕಾಶವಿತ್ತು. ಮನವಿ ಪತ್ರಗಳಲ್ಲಿ ಬೆಳೆ ಸಾಲು ಸಾಲಾಗಿ ಬರುತ್ತದೆ, ಗುಳೆ ಕೊನೆಯ ಸಾಲಿನಲ್ಲಿ. ಊರು ಬಿಟ್ಟವರು ಧರಣಿಯಲ್ಲಿ ಕೂರಲು ಊರಲ್ಲಿರುವುದಿಲ್ಲವಲ್ಲ! ಜಾಗತಿಕ ಮಟ್ಟದಲ್ಲೂ ಸ್ಥಿತಿ ಹೆಚ್ಚು ಬೇರೆಯಲ್ಲ: 1951ರ ನಿರಾಶ್ರಿತರ ಒಪ್ಪಂದದಲ್ಲಿ ಹವಾಮಾನದಿಂದ ನೆಲೆ ತಪ್ಪಿದವರ ಮಾತಿಲ್ಲ, ಹವಾಮಾನ ಮಾತುಕತೆಯ ಒಪ್ಪಂದಪತ್ರದೊಳಗೆ ವಲಸೆ ಮೊದಲು ಕಾಣಿಸಿಕೊಂಡದ್ದು 2010ರ ಕಾನ್‌ಕುನ್ ಸಮ್ಮೇಳನದಲ್ಲಿ.

ಮನವಿಯನ್ನು ಯಾರಿಗೆ ಕೊಡಬೇಕೆಂಬುದೂ ಒಂದು ತೊಡಕು. ಶಿಗ್ಗಾವಿ ವಿಧಾನಸಭಾ ಕ್ಷೇತ್ರ ಸವಣೂರನ್ನೂ ಒಳಗೊಂಡು ಧಾರವಾಡ ಲೋಕಸಭೆಗೆ ಸೇರಿದೆ. ಹಾನಗಲ್ಲ, ಹಿರೇಕೆರೂರು ಹಾವೇರಿ ಲೋಕಸಭೆಗೆ. 2008ರಿಂದ ಶಿಗ್ಗಾವಿಯ ಶಾಸಕರಾಗಿ, 2021–23ರಲ್ಲಿ ಮುಖ್ಯಮಂತ್ರಿಯೂ ಆಗಿದ್ದ ಬಸವರಾಜ ಬೊಮ್ಮಾಯಿ 2024ರಲ್ಲಿ ಹಾವೇರಿಯಿಂದ ಸಂಸದರಾದರು. ಅಂದರೆ ಗೊಟಗೋಡಿಯವರ ಸಂಸದರಲ್ಲ.

ದೀರ್ಘಕಾಲದ ಬೇಡಿಕೆ ನೀರಾವರಿ. ತುಂಗಾ ಮೇಲ್ದಂಡೆ ಮತ್ತು ಏತ ನೀರಾವರಿ ಯೋಜನೆಗಳ ಜೊತೆಗೆ ಬೇಡ್ತಿ–ವರದಾ ನದಿ ಜೋಡಣೆಯೂ ಈ ಬೇಡಿಕೆಯಲ್ಲಿದೆ. ಹಾವೇರಿಯ ರೈತರು ಅದನ್ನು ಕೇಳುತ್ತಾರೆ. ಶಿರಸಿ–ಯಲ್ಲಾಪುರದ ಕಡೆಯವರು ಘಟ್ಟದ ಕಾಡು, ಗುಡ್ಡ ಕುಸಿತ ಮತ್ತು ತಮ್ಮದೇ ಹೊಳೆಯಲ್ಲಿ ಬೇಸಿಗೆಗೆ ಬತ್ತುವ ನೀರನ್ನು ಮುಂದಿಟ್ಟು, ಅದೇ ಸರ್ಕಾರಕ್ಕೆ, ಬೇಡವೆಂದು ಬರೆಯುತ್ತಾರೆ.