ಬಾಂಗ್ಲಾದೇಶದ ಸಿದ್ಧ ಉಡುಪು ಉದ್ಯಮದಲ್ಲಿ ಬಾಲಕಾರ್ಮಿಕರು

ಬಾಂಗ್ಲಾದೇಶದಲ್ಲಿ ರಫ್ತಿಗಾಗಿ ಬಟ್ಟೆ ಹೊಲಿಯುವ ಕಾರ್ಖಾನೆಗಳು 1970ರ ದಶಕದ ಕೊನೆಯಲ್ಲಿ ಶುರುವಾಗಿ, ಮುಂದಿನ ಹತ್ತು ವರ್ಷಗಳಲ್ಲಿ ಢಾಕಾ, ಚಿತ್ತಗಾಂಗ್‌ಗಳ ತುಂಬ ಹರಡಿದವು. ಅಮ್ಮ, ಅಕ್ಕಂದಿರ ಹಿಂದೆಯೇ ಮಕ್ಕಳೂ ಕೆಲಸಕ್ಕೆ ಬಂದರು. ಅವರಲ್ಲಿ ಹೆಚ್ಚಿನವರು ಹೆಲ್ಪರ್‌ಗಳು. ಹೊಲಿದ ಅಂಗಿಯಿಂದ ಹೊರಚಾಚಿದ ದಾರ ಕತ್ತರಿಸುವುದು, ಒಂದು ಮೆಷಿನ್ನಿನಿಂದ ಇನ್ನೊಂದಕ್ಕೆ ಬಟ್ಟೆ ಸಾಗಿಸುವುದು ಅವರ ಕೆಲಸ. 14 ವರ್ಷದೊಳಗಿನವರನ್ನು ಕಾರ್ಖಾನೆಗೆ ಸೇರಿಸಕೂಡದೆಂಬ ಕಾನೂನು 1965ರಿಂದಲೇ ಇತ್ತು. ಮಕ್ಕಳ ಹಕ್ಕುಗಳ ಒಡಂಬಡಿಕೆಗೂ ದೇಶ 1990ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಇವೆರಡಕ್ಕೂ ಮಾಲೀಕರು ಜಗ್ಗಲಿಲ್ಲ.

ಜಗ್ಗಿದ್ದು ಅಮೆರಿಕದ ಮಾರುಕಟ್ಟೆ ಕೈತಪ್ಪುವ ಭಯಕ್ಕೆ. ಮಕ್ಕಳು ದುಡಿದು ತಯಾರಿಸಿದ ವಸ್ತುಗಳ ಆಮದನ್ನು ನಿಷೇಧಿಸುವ ಮಸೂದೆಯನ್ನು ಸೆನೆಟರ್ ಟಾಮ್ ಹಾರ್ಕಿನ್ 1992ರಲ್ಲಿ ಮಂಡಿಸಿದರು. ಅದು ಕೊನೆಗೂ ಕಾನೂನಾಗಲಿಲ್ಲ. ಆದರೆ ಸುದ್ದಿಯೇ ಸಾಕಾಯಿತು: ಯುನಿಸೆಫ್ ಅಂದಾಜಿನಂತೆ ಸುಮಾರು 50,000 ಮಕ್ಕಳನ್ನು ಕಾರ್ಖಾನೆಗಳು ಹೊರಹಾಕಿದವು. ಅವರಿಗಾಗಿ ಶಾಲೆಯಾಗಲಿ ಜೀವನೋಪಾಯವಾಗಲಿ ಸಿದ್ಧವಿರಲಿಲ್ಲ. ಆಮೇಲೆ ಹುಡುಕಿಕೊಂಡು ಹೋದವರಿಗೆ ಆ ಮಕ್ಕಳಲ್ಲಿ ಹಲವರು ಸಿಕ್ಕಿದ್ದು ಕಲ್ಲು ಒಡೆಯುವಲ್ಲಿ, ಬೀದಿ ವ್ಯಾಪಾರದಲ್ಲಿ, ಕೆಲವರು ವೇಶ್ಯಾವಾಟಿಕೆಗಳಲ್ಲಿ. ಗಾರ್ಮೆಂಟ್ಸ್ ಕೆಲಸವೇ ವಾಸಿ ಎನ್ನಿಸುವಂಥ ಸ್ಥಿತಿ.

ಈ ಅನುಭವದಿಂದ ಹುಟ್ಟಿದ್ದು 1995ರ ಜುಲೈ 4ರ ಢಾಕಾ ಒಪ್ಪಂದ. ರಫ್ತುದಾರರ ಸಂಘ, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ ಸಹಿ ಹಾಕಿದ ಈ ಒಪ್ಪಂದದ ಮುಖ್ಯ ಕಲಮು, ಶಾಲೆಯಲ್ಲಿ ಜಾಗ ಸಿಗುವವರೆಗೆ ಯಾವ ಮಗುವನ್ನೂ ಕೆಲಸದಿಂದ ತೆಗೆಯಬಾರದು, ಹೊಸಬರನ್ನು ಸೇರಿಸಿಕೊಳ್ಳಲೂಬಾರದು ಎಂಬುದು. ಶಾಲೆಗೆ ಹೋಗುವ ಮಗುವಿಗೆ ತಿಂಗಳಿಗೆ 300 ಟಾಕಾ ಭತ್ಯೆ. ಸಾಧ್ಯವಾದಲ್ಲಿ ಅದೇ ಕುಟುಂಬದ ದೊಡ್ಡವರಿಗೆ ಕೆಲಸ. ಆ ವರ್ಷದ ಸಮೀಕ್ಷೆಯಲ್ಲಿ ಕಾರ್ಖಾನೆಗಳಲ್ಲಿ ಸಿಕ್ಕಿದ ಮಕ್ಕಳು ಹತ್ತು ಸಾವಿರದಷ್ಟು ಮಾತ್ರ. ಅದಕ್ಕೂ ಮೊದಲೇ ಬೀದಿಗೆ ಬಿದ್ದಿದ್ದವರಲ್ಲಿ ಬಹುಪಾಲು ಮಂದಿಗೆ ಈ ನೆರವು ತಡವಾಗಿ ಬಂತು.

ಬರಿಯ ನಿಷೇಧ ಮಕ್ಕಳಿಗೇ ಕೆಡುಕು ಮಾಡುತ್ತದೆಂಬ ವಾದಕ್ಕೆ ಕರ್ನಾಟಕದ ನಂಟೂ ಇದೆ. 1996ರಲ್ಲಿ ಕುಂದಾಪುರದಲ್ಲಿ ಸೇರಿದ್ದ ನಾನಾ ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು, ಮಕ್ಕಳು ತಯಾರಿಸಿದ ವಸ್ತುಗಳ ಬಹಿಷ್ಕಾರವನ್ನು ತಮ್ಮ ಘೋಷಣೆಯಲ್ಲಿ ವಿರೋಧಿಸಿದರು. ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮ್ಮನ್ನೂ ಕೇಳಬೇಕೆಂದರು. ಬಡತನ ಹಾಗೆಯೇ ಇರುವಾಗ ನಿಷೇಧದಿಂದ ಯಾರಿಗೆ ಲಾಭ ಎಂಬ ಅವರ ತಕರಾರಿಗೆ ಢಾಕಾವೇ ಸಾಕ್ಷಿಯಾಗಿತ್ತು.

ರಫ್ತು ಕಾರ್ಖಾನೆಗಳಲ್ಲಿ ಎಳೆಯ ಮಕ್ಕಳ ಸಂಖ್ಯೆ ಮುಂದೆ ಗಣನೀಯವಾಗಿ ತಗ್ಗಿತು. ಆದರೆ ಒಪ್ಪಂದ ಅನ್ವಯವಾದದ್ದು ಸಂಘದ ಸದಸ್ಯ ಕಾರ್ಖಾನೆಗಳಿಗೆ ಮಾತ್ರ. ಕೆರಾಣಿಗಂಜ್‌ನಂಥ ಕಡೆ ಸ್ಥಳೀಯ ಮಾರುಕಟ್ಟೆಗೆ ಹೊಲಿಯುವ ಸಣ್ಣ ಘಟಕಗಳು ಅದರಾಚೆಗೇ ಉಳಿದವು. ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸನ್ನು ಕುರಿತ 1973ರ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಬಾಂಗ್ಲಾದೇಶ ಅಂಗೀಕರಿಸಿದ್ದು 2022ರಲ್ಲಿ.